ಬಾರದವರ ಪಟ್ಟಿಯಲ್ಲಿದ್ದ ಅಜ್ಜಿ

"ಅಮ್ಮ ಬಂದಿದ್ರಲ್ಲ," ಎಂದಳು ಫೋನಿನ ಆ ಕಡೆಯಿಂದ ಮಗಳು. "ಬೆಳಿಗ್ಗೆಯಿಂದ ಸಂಜೆವರೆಗೂ ನಿಮ್ಮ ಬಾಗಿಲೆದುರಿನ ಬೆಂಚಲ್ಲೇ ಕೂತಿದ್ರಂತೆ."

ಹೃದ್ರೋಗದ ಹೊರರೋಗಿ ವಿಭಾಗದ ನರ್ಸ್ ತಬ್ಬಿಬ್ಬಾದಳು. ಹೇಳಿದ ದಿನ ಬಾರದವರಿಗೆಲ್ಲ ಫೋನ್ ಮಾಡಿ ಇನ್ನೊಂದು ದಿನ ಗೊತ್ತುಮಾಡುವ ಹೊಸ ಕೆಲಸ ಅವಳದು. "ನಾನೇ ಬಾಗಿಲಲ್ಲಿ ನಿಂತು ಹೆಸರು ಕೂಗಿದ್ದೆನಲ್ಲಮ್ಮ. ಯಾರೂ ಏಳಲಿಲ್ಲ."

"ಅವರಿಗೆ ಕಿವಿ ಅಷ್ಟಕ್ಕಷ್ಟೇ. ಡಾಕ್ಟ್ರಿಗೆ ಪುರುಸೊತ್ತಾಗ್ಲಿಲ್ಲ ಪಾಪ, ಇನ್ನೊಂದ್ಸಲ ಹೋದ್ರಾಯ್ತು ಅಂದ್ರು ಮನೆಗೆ ಬಂದು. ಹೊಸ ದಿನ ಬೇಡ ಸಿಸ್ಟರ್. ಮೊನ್ನೆ ತೀರಿಕೊಂಡ್ರು."

ಆಗ ನರ್ಸಿಗೆ ಆ ಮುಖ ನೆನಪಾಯಿತು. ಅವಳು ಬಾಗಿಲಿಗೆ ಬಂದಾಗಲೆಲ್ಲ ತಲೆಯೆತ್ತಿ ನಗುತ್ತಿದ್ದ ಅಜ್ಜಿ. ಹೆಸರು ಕೂಗಿದಾಗಲೂ ನಕ್ಕಿದ್ದರು. ತಾನೂ ತಿರುಗಿ ನಕ್ಕು, ಮುಂದಿನವರ ಹೆಸರು ಕೂಗಿದ್ದಳು. ಆ ನಗು ಅವಳ ಹಿಂದೆಯೇ ಮನೆಗೆ ಬಂತು. ದೀಪ ಆರಿಸಿದರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೂಗಿದ ಮೊದಲ ಹೆಸರಿಗೆ ಯಾರೂ ಏಳಲಿಲ್ಲ. ಮುಂದಿನ ಹೆಸರು ಕೂಗಲು ಬಾಯಿ ಬರಲಿಲ್ಲ. ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ ಬಾಗಿಲು ಬಿಟ್ಟು ಬಂದು, ಮೊದಲ ಸಾಲಿನ ತುದಿಯಲ್ಲಿದ್ದ ಮುದುಕರೊಬ್ಬರ ಮುಂದೆ ಮಂಡಿಯೂರಿದಳು. ಅವರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದಳು:

"ನಿಮ್ಮ ಹೆಸರೇನು, ತಾತ?"