ಉಳಿದ ನಲವತ್ತು

ಗಂಡನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅವಳು ಅವನ ಕಂಪ್ಯೂಟರಿನ ಮುಂದೆ ಎರಡು ಗಂಟೆ ಕುಳಿತಳು. ಆಮೇಲೆ ಅವನು ಖಗೋಳ ಸಂಸ್ಥೆಯಿಂದ ತಂದಿದ್ದ ಹಾರ್ಡ್ ಡಿಸ್ಕನ್ನು ಹಿಂದಿರುಗಿಸಲು ಹೊರಟಳು.

"ಇದಕ್ಕೆ ನೀನೇ ಬರಬೇಕಿತ್ತೇನಮ್ಮ?" ಎನ್ನುತ್ತ ಅಲ್ಲಿನ ಪ್ರೊಫೆಸರು ಅದನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿದರು. "ರೇಡಿಯೋ ದೂರದರ್ಶಕದ ನಕ್ಷೆ ಯಾರು ಬೇಕಾದ್ರೂ ಓದ್ತಾರೆ. ಅದರ ಪಕ್ಕ ಅದೇ ಗ್ಯಾಲಕ್ಸಿಯ ಫೋಟೋ ಇಟ್ಟು, ಇದು ನೀಲಿ, ಇನ್ನೂ ನಕ್ಷತ್ರ ಹುಟ್ತಿವೆ. ಇದು ಕೆಂಪು, ಮುದಿಯಾಯ್ತು ಅಂತ ಹೇಳೋಕೆ ಅವನ ಕಣ್ಣೇ ಬೇಕಿತ್ತು. ಇನ್ನು ನಲವತ್ತು ಗ್ಯಾಲಕ್ಸಿ ಉಳಿದಿವೆ ಅಂದಿದ್ದ. ಇನ್ನು ಯಾರ ಕೈಲಿ ಮಾಡಿಸಲಿ?"

ಪಟ್ಟಿ ತೆರೆಯಿತು. ಒಂದು ಸಾಲೂ ಖಾಲಿ ಇರಲಿಲ್ಲ.

"ಅಯ್ಯೋ, ಮುಗಿಸೇ ಹೋಗಿದಾನಲ್ಲ!" ಅವರು ಕೆಲವನ್ನು ತೆರೆದು ನೋಡಿದರು. "ಒಂದೂ ತಪ್ಪಿಲ್ಲ. ಅದೇ ಕಣ್ಣು ಕಣಮ್ಮ. ತಾರೀಕು ಮಾತ್ರ ಇವತ್ತಿಂದು ತೋರಿಸ್ತಿದೆ. ಅವನ ಕಂಪ್ಯೂಟರಿನ ಗಡಿಯಾರ ಕೆಟ್ಟಿರಬೇಕು."

"ಇರಬೇಕು ಸರ್" ಎಂದಳು.

ಎರಡು ವರ್ಷದಿಂದ ಬಣ್ಣವೇ ಕಾಣದೆ, ಕೆಲಸ ಹೋದೀತೆಂದು ಯಾರಿಗೂ ಹೇಳದೆ ಇದ್ದ ಗಂಡನ ದನಿ ಆ ಬೆಳಿಗ್ಗೆ ಪಕ್ಕದ ಕುರ್ಚಿಯಿಂದ ನಲವತ್ತು ಸಲವೂ ಕೇಳಿತ್ತು: "ಕೆಂಪೋ ನೀಲಿಯೋ, ಹೇಳೇ."