ಮೂಲೆಯಲ್ಲಿ ಸಿಕ್ಕವನು

ಅಗ್ನಿಶಾಮಕರ ಪರೀಕ್ಷೆಗೆಂದು ಹೊಗೆ ತುಂಬಿಸಿದ್ದ ನೆಲಮಾಳಿಗೆಯಲ್ಲಿ ಯಾರೋ ಬೂಟು ಹಿಡಿದು ಎಳೆದಾಗ, ಮೂಲೆಯಲ್ಲಿ ಕೂತಿದ್ದ ಫೋಲ್ಕ್‌ಮಾರ್ ಮಾಸ್ಕಿನೊಳಗಿಂದಲೇ ಗದರಿದ. "ಬಿಡು ಕಾಲು. ನಾನು ಪರೀಕ್ಷಕ."

"ಹೌದಪ್ಪ, ಪರೀಕ್ಷಕನೇ," ಎಂದಳು ಗೇರ್ಡಾ. "ಹೊಗೆ ಕುಡಿದೋರು ಏನೇನೋ ಬಡಬಡಿಸ್ತಾರೆ, ಕಿವಿಗೆ ಹಾಕ್ಕೋಬೇಡಿ ಅಂತ ಹೇಳ್ಕೊಟ್ಟೋನೂ ನೀನೇ."

ಅವನು ವಾರವಿಡೀ ಹ್ಯಾಂಬರ್ಗಿನಲ್ಲಿ ಸಂಬಳದ ಅಗ್ನಿಶಾಮಕರಿಗೆ, ಶನಿವಾರ ತನ್ನೂರಿನ ಸ್ವಯಂಸೇವಕರಿಗೆ ಪಾಠ ಹೇಳುವವನು. ಅವಳು ಆ ಸ್ವಯಂಸೇವಕರಲ್ಲೊಬ್ಬಳು, ಊರಿನ ಮಾಂಸದಂಗಡಿಯವಳು, ಅರ್ಧ ಹಂದಿಯನ್ನು ಒಂದೇ ಹೆಗಲಲ್ಲಿ ಹೊರುವವಳು. ಬಿಡಿಸಿಕೊಳ್ಳುವ ಮಾತೇ ಇರಲಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ಬೆನ್ನು ಬಡಿಸಿಕೊಂಡು ಅವನು ಹೊರಗಿನ ಹುಲ್ಲಿನ ಮೇಲೆ ಬಂದು ಬಿದ್ದ. ಅಲ್ಲಿ ಎಲ್ಲರಿಗೂ ಸಾಸೇಜು ಸುಡುತ್ತಿದ್ದ ಅವನ ಹೆಂಡತಿ ತಿರುಗಿ ನೋಡಿ, "ಇವರೆಲ್ಲ ಪಾಸಾದ್ರಾ?" ಎಂದಳು.

ಎಲ್ಲಿಯ ಪಾಸು? ಸಿಕ್ಕಿಬಿದ್ದವನ ಬದಲಿಗೆ ಹುಡುಕಿ ತರಬೇಕಿದ್ದ ಆಳೆತ್ತರದ ಬೊಂಬೆ ಇನ್ನೂ ಒಳಗೇ, ಅವನು ಅಡಗಿಸಿಟ್ಟಲ್ಲೇ ಇತ್ತು. ಇವರು ಫೇಲಾದರೆ ಊರಿಗೆ ಬೆಂಕಿ ಬಿದ್ದ ದಿನ ಹೊಗೆಯೊಳಗೆ ನುಗ್ಗಲು ಪಕ್ಕದೂರಿನವರೇ ಬರಬೇಕು. ಆದರೂ ಪರೀಕ್ಷಕನಾದವನು ಸುಳಿವು ಕೊಡುವಂತಿಲ್ಲ. ಫೋಲ್ಕ್‌ಮಾರ್ ಮಾಸ್ಕ್ ಕಿತ್ತು, ಫೇಲ್ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಗೇರ್ಡಾ ಪಾಠದಲ್ಲಿದ್ದಂತೆಯೇ ಪಕ್ಕದಲ್ಲಿ ಮಂಡಿಯೂರಿ, ಅವನ ಭುಜ ತಟ್ಟಿ ಕೇಳಿದಳು: "ಒಳಗೆ ಇನ್ನೂ ಯಾರಾದ್ರೂ ಇದಾರೇನಪ್ಪಾ?"

ಏಳಲು ಹೊರಟಿದ್ದ ಫೋಲ್ಕ್‌ಮಾರ್ ಅವಳನ್ನೊಮ್ಮೆ ನೋಡಿ, ಮತ್ತೆ ಅಂಗಾತ ಮಲಗಿಕೊಂಡ. ನಿಧಾನವಾಗಿ ಎರಡು ಸಲ ಕೆಮ್ಮಿದ.

"ನಮ್ಮಣ್ಣ ಇದಾನೆ," ಎಂದ ನರಳುತ್ತಾ. "ಮೇಜಿನ ಕೆಳಗೆ."