ನೀಲವ್ವ ಬಗ್ಗಲಿಲ್ಲ

ಹಳೆಯ ಬೆನ್ನುನೋವಿಗೆ ವ್ಯಾಯಾಮ ಹೇಳಿಕೊಡುವುದು ಹೇಗೆಂದು ವೈದ್ಯರಿಗೆ ಆನ್‌ಲೈನ್ ತರಬೇತಿ ನಡೆದಿತ್ತು. ಕೊನೆಯ ದಿನ ಪರೀಕ್ಷೆ. ಡಾಕ್ಟರ್ ಮೃತ್ಯುಂಜಯರು ಮಾತಾಡಿಸಬೇಕಾದ ರೋಗಿಯಾಗಿ ತೆರೆಯ ಮೇಲೆ ಬಂದವರು ಅರವತ್ತು ದಾಟಿದ ನೀಲವ್ವ. ಉಳಿದ ನಲವತ್ತು ವೈದ್ಯರು ನೋಡುತ್ತಿದ್ದರು.

“ಒಂಬತ್ತು ವರ್ಷ ಆತ್ರಿ, ನಾ ಬಗ್ಗಿಲ್ಲ. ಬಗ್ಗಿದರ ಬೆನ್ನು ಮುರಿತೈತಿ ಅಂತ ಡಾಕ್ಟರ್ ಒಬ್ರು ಹೇಳಿದ್ರು. ಮೊಮ್ಮಗಳನ್ನ ಒಮ್ಮೆನೂ ಎತ್ತಿಕೊಂಡಿಲ್ಲ.”

“ಯಾರು ಆ ಡಾಕ್ಟರ್?” ತರಬೇತುದಾರರು ಸಿಡುಕಿದರು.

ನೀಲವ್ವ ಹೆಸರು ಹೇಳಲಿಲ್ಲ. ಮೈಕ್ ಬಂದ್ ಮಾಡಲು ಮೃತ್ಯುಂಜಯರ ಬೆರಳು ಹೋಯಿತು, ಆದರೆ ಒತ್ತಲಿಲ್ಲ.

“ಆ ಡಾಕ್ಟರ್ ನಾನೇ, ನೀಲವ್ವ. ನಾನು ಹೇಳಿದ್ದು ತಪ್ಪು.”

“ನೀವ ಅಂತ ಗೊತ್ತೈತ್ರಿ ಸರ. ಬಗ್ಗು ಅಂತ ನಿಮ್ಮ ಬಾಯಿಂದನ ಕೇಳಾಕ ಬಂದೀನಿ.”